ಜಾರು

ಮುನಿರಾಬಾದ್ ಸ್ಟೇಷನ್ ರಸ್ತೆ, ನನ್ನ ವೈಂಡಿಂಗ್ ಅಂಗಡಿ.
ಕಾಲುವೆಗೆ ನೀರು ಬಿಟ್ಟು ಮೂರು ದಿನ.
ಸುಟ್ಟ ಮೋಟರುಗಳು ಸಾಲಾಗಿ ಬಂದು ಕೂತಿವೆ,
ಹೊಟ್ಟೆ ಬಗೆದರೆ ಕರಿ ವಾರ್ನಿಷ್ಷಿನ ನಾತ.
ಅವುಗಳ ನಡುವೆ ಯಮನೂರ ತಂದಿಟ್ಟ
ಅಂಗೈಯಗಲದ ಒಂದು ಗಾಳದ ರೀಲು.

"ಮೇಸ್ತ್ರಿ ಇಲ್ಲೇನಕ್ಕ?"
"ನಾನೇ ಮೇಸ್ತ್ರಿ. ಏನಾಗೈತಿ ಹೇಳು."

ಹಸಿರು ದಾರ, ಎಂಟೆಳೆ ಹೆಣೆದದ್ದು, ಮುನ್ನೂರು ಮೀಟರು.
ಹೊಸಪೇಟೆಯಲ್ಲಿ ಕೊಂಡದ್ದು,
ಅವ್ವನಿಗೆ ಹೇಳಿದ್ದು ಅರ್ಧ ರೇಟು.
ಮೊನ್ನೆ ಹಿನ್ನೀರಲ್ಲಿ ಬಾಳೆಮೀನು ಕಚ್ಚಿತಂತೆ.
ಹಿಡಿಕೆ ತಿರುಗಿಸಿದ, ತಿರುಗಿಸಿದ,
ದಾರ ಒಂದು ಗೇಣೂ ಬರಲಿಲ್ಲ.
ಸುತ್ತು ಬಿಚ್ಚಿರಲಿಲ್ಲ, ಗಂಟು ಹರಿದಿರಲಿಲ್ಲ,
ಮುನ್ನೂರು ಮೀಟರೂ ಒಂದೇ ಉಂಡೆಯಾಗಿ
ಸ್ಪೂಲಿನ ಮೇಲೆ ಗಿರ್ರನೆ ತಿರುಗಿತಂತೆ,
ಸೊರಗಿದ ಕೈಯ ಮೇಲಿನ ಕಡಗದ ಹಾಗೆ.

ಮಾವ ನಕ್ಕನಂತೆ:
ಬಾಳಿನೂ ಅಲ್ಲ, ಬೂದಿನೂ ಅಲ್ಲ,
ನೀರಾಗಿನ ಜಾಲಿಕಂಟಿಗೆ ಸಿಕ್ಕಿರಬೇಕು ಬಿಡು.

ನಾನು ನಂಬಿದೆ.
ಗುಂಯ್ ಅನ್ನುತ್ತ, ಮೈ ಬಿಸಿ ಮಾಡಿಕೊಳ್ಳುತ್ತ
ಶಾಫ್ಟು ಮಾತ್ರ ಅಲುಗದ ಮೋಟರು
ಎಷ್ಟು ನೋಡಿಲ್ಲ.

"ಬಿಚ್ಚು."
"ಎಲ್ಲಾನೂ?"
"ಬುಡದ ತನಕ."

ಬುಡ ಕಂಡಿತು. ನುಣ್ಣಗೆ, ಮುಖ ನೋಡಿಕೊಳ್ಳಬಹುದಾದಷ್ಟು.
ತಂಗೂಸಿಯಾದರೆ ಹಿಗ್ಗಿ ಕುಗ್ಗಿ ತಬ್ಬಿಕೊಂಡೀತು,
ಈ ಹೆಣಿಗೆಗೆ ಆ ಗುಣವಿಲ್ಲ.
ರೇಷ್ಮೆಯ ಬಿಂಕ. ಲೋಹಕ್ಕೂ ಅದಕ್ಕೂ ಮಾತಿಲ್ಲ.
ತಾಮ್ರವನ್ನೂ ಬರಿ ಕಬ್ಬಿಣಕ್ಕೆ ಸುತ್ತುವಂತಿಲ್ಲ,
ಕೆಳಗೊಂದು ಕಾಗದ ಹಾಸಬೇಕು.
ಕಾರಣ ಬೇರೆ, ಹಾಸುವ ಕೈ ಅದೇ.

ಕರಿ ಟೇಪು ಒಂದು ಸುತ್ತು.
ಅದರ ಮೇಲೆ ಹಳೇ ತಂಗೂಸಿ ಇಪ್ಪತ್ತು ಸುತ್ತು.
ಟೇಪೊಂದೇ ಸಾಕಿತ್ತು, ನನಗೆ ಅನುಮಾನ ಜಾಸ್ತಿ.
ಎಂಜಲು ಹಚ್ಚಿ ಗಂಟು ಎಳೆದೆ, ಹಸಿರನ್ನು ಬಿಳಿಗೆ ಕಟ್ಟಿದೆ.
ದಾರದ ಉಂಡೆಗೆ ಸ್ಕ್ರೂಡ್ರೈವರು ಪೋಣಿಸಿ
ಯಮನೂರನ ಎರಡು ಪಾದಗಳ ನಡುವೆ ಕೊಟ್ಟೆ.
"ಹೆಬ್ಬೆಟ್ಟಿಲೆ ಒತ್ತಿ ಹಿಡಿ. ಓಡಾಕ ಬಿಡಬ್ಯಾಡ."

ಹಸಿ ಬಟ್ಟೆಯಲ್ಲಿ ದಾರ ಚಿವುಟಿ ಹಿಡಿದು ತಿರುಗಿಸಿದೆ.
ಬರಿಗೈಯಲ್ಲಿ ಹಿಡಿದರೆ ಬೆರಳು ಕೊಯ್ಯುತ್ತದೆ,
ಸಡಿಲ ಬಿಟ್ಟರೆ ಅದು ಇನ್ನೊಂದು ದಿನ ಕೊಯ್ಯುತ್ತದೆ:
ಮೀನು ಎಳೆದಾಗ ಮೇಲಿನ ಸುತ್ತು ಕೆಳಗಿನದರೊಳಗೆ ಇಳಿದು
ಹಲ್ಲು ಕಚ್ಚಿ ಕೂರುತ್ತದೆ.
ಬಟ್ಟೆಯಿಂದ ನೀರು ಮೊಣಕೈಗೆ ಇಳಿಯಿತು.
ದಾರ ಕೀಂಯ್ ಅಂದಿತು, ಸಣ್ಣಗೆ, ಒಂದೇ ಶ್ರುತಿಯಲ್ಲಿ.

"ಇದನ್ನೆಲ್ಲಿ ಕಲ್ತೆಕ್ಕ? ನೀನೂ ಗಾಳ ಹಾಕ್ತೀಯೇನು?"
ಉತ್ತರ ಕೊಡಲಿಲ್ಲ.
ಮಾತಾಡಿದರೆ ಎಣಿಕೆ ತಪ್ಪುತ್ತದೆ.
ಎಣಿಸುವ ಅಗತ್ಯ ಇರಲಿಲ್ಲ, ಆದರೂ ಎಣಿಸುತ್ತಿದ್ದೆ.
ಎಂಟನೇ ಕ್ಲಾಸು ಬಿಟ್ಟು ಈ ಮಣೆಗೆ ಬಂದು ಕೂತಾಗಿನಿಂದ
ಬಸ್ಸಿನಲ್ಲಿ ಕಂಬ, ಮದುವೆಯಲ್ಲಿ ಬಳೆ,
ನಿದ್ದೆ ಬಾರದ ರಾತ್ರಿ ಪಕ್ಕದವನ ಗೊರಕೆ,
ಎಲ್ಲ ಸುತ್ತೇ ನನಗೆ.

ಅಂಚಿಗೆ ಒಂದು ಜೋಳದ ಕಾಳಿನಷ್ಟು ಬಾಕಿ ಇರುವಾಗ ನಿಲ್ಲಿಸಿದೆ.
ರೀಲನ್ನು ಕೋಲಿಗೆ ಬಿಗಿದು, ದಾರದ ತುದಿಯನ್ನು
ಕುಣಿಕೇರಿಯಿಂದ ಬಂದ ಐದು ಎಚ್‌ಪಿಯ ಕೊಕ್ಕೆಗೆ ಕಟ್ಟಿ
"ಎಳಿ ಈಗ" ಅಂದೆ.
ಕೋಲು ಬಾಗಿತು. ಇನ್ನೂ ಬಾಗಿತು.
ಮೋಟರು ಕದಲಲಿಲ್ಲ.
ಸುತ್ತೂ ಕದಲಲಿಲ್ಲ.
ಹುಡುಗನ ಹಿಮ್ಮಡಿ ಮಾತ್ರ ನೆಲದ ಮೇಲೆ ಇಷ್ಟಿಷ್ಟೇ ಜಾರಿತು.

ನಾಲ್ಕು ದಿನ ಬಿಟ್ಟು ಬಂದ. ಬರಿಗೈ.
ರೀಲಿನಲ್ಲಿ ದಾರ ಅರ್ಧವೂ ಇರಲಿಲ್ಲ.
"ಬಂಡಿಗೆ ತಿಕ್ಕಿ ಹರೀತಕ್ಕ. ದೊಡ್ಡದಿತ್ತು."
ಬಾಗಿಲಿಗೆ ಒರಗಿ ನಿಂತ.
"ಆದ್ರ ಜಾರ್ಲಿಲ್ಲ.
ಮಾವನೂ ನೋಡಿದ."

ಹೆಬ್ಬೆರಳಿಂದ ಸುತ್ತು ಒತ್ತಿ ನೋಡಿದೆ,
ಕಲ್ಲಿನಂತೆ ಕೂತಿತ್ತು.
"ಮೊನ್ನಿಂದು ಇಪ್ಪತ್ರುಪಾಯಿ ಬಾಕಿ ಐತಿ."
"ಕೊಡ್ತೀನಿ."

ಹೊರಗೆ ಟಂಟಂ ನಿಂತಿತು. ಯಾರೋ ಕೂಗಿದರು:
"ಮೇಸ್ತ್ರಿ ಅದಾನೇನು ಒಳಗ?"
ಯಮನೂರ ತಲೆ ತಿರುಗಿಸದೆ ಹೇಳಿದ:
"ಅದಾಳ."